ಚಿಲ್ಲರ ಬಾಕಿ

ಅಕ್ಕಲಕೋಟ ಸ್ಟ್ಯಾಂಡಿನ್ಯಾಗ ಗಾಡಿ ಮೂರು ನಿಮಿಷ ನಿಂದರತದ.
ಸಕ್ಕರಿ ಇಲ್ಲದ ಚಹಾ ಬ್ಯಾರೆ ಕುದಿಸಲಿಕ್ಕೆ ನಾಕು ನಿಮಿಷ ಬೇಕು.
ಹಾಕಿದ್ದು ಯಾವಾಗಲೂ ತಯಾರ,
ಕಿಟಲಿಯ ಮೂತಿ ಬಸ್ಸಿನ ಕಡೆನೇ ಮಾಡಿ
ಇಟ್ಟಿರತಾಳ ನಾಗಿಂದ್ರಾಬಾಯಿ.
ಹನ್ನೊಂದು ವರ್ಷ
ಆ ಒಂದು ನಿಮಿಷಕ್ಕ ನಾ ಸೋತೀನಿ.

ಲೆಕ್ಕ ಬರಂಗಿಲ್ಲ ಅನ್ನಬ್ಯಾಡ್ರಿ, ಕಂಡಕ್ಟರ್ ಅದೀನಿ.
ರಾತ್ರಿ ಡಿಪೋದಾಗ ಚೀಲ ಸುರುವಿದಾಗ
ಐದು ರೂಪಾಯಿ ಕಮ್ಮಿ ಬಿದ್ದರ ನಿದ್ದಿ ಹತ್ತಂಗಿಲ್ಲ.
ಕುಂಬಾರಿಯಾಗ ಇಳದ ಮುದುಕಿಗೆ ಹೆಚ್ಚ ಕೊಟ್ಟೆನೋ,
ವಳಸಂಗದ ಪೋರಗ ಟಿಕೀಟ ಹರೀಲಿಲ್ಲೋ,
ಹಾಸಿಗ್ಯಾಗ ಬಿದ್ದು ಒಂದೊಂದೇ ಸ್ಟಾಪ ಹುಡುಕತೀನಿ.
ಮಷಿನ್ ಇನ್ನೂರಾ ಎಂಬತ್ತಾರು ತೋರಿಸಿದ ದಿನ
ಗೊರಕಿ ಹೊಡದು ಮಲಗಿದ್ದೆ.

ಮಷಿನ್ ಅಳಿಯ ಕೊಡಿಸಿದ್ದು.
ಒಂದೊಂದು ಪಟ್ಟಿಗೆ ಇಪ್ಪತ್ತು ರೂಪಾಯಿ.
ರೊಕ್ಕ ಕೊಟ್ಟು ಬೈಸ್ಕೊಳ್ಳೂದ್ಯಾಕ?
ಶೇಂಗಾ ಹೋಳಿಗಿ ಉಂಡ ದಿನ ಡಬ್ಬಿ ತೆರ್ಯಂಗಿಲ್ಲ,
ಉಪವಾಸ ಇದ್ದ ದಿನ ತಪ್ಪದ ನೋಡತೀನಿ.
ಡೈರಿಯೊಳಗ ಬರೇ ಏಕಾದಶಿ.
ಮಾಶಾಳೆ ಡಾಕ್ಟರ್ ಬಾಯಿ ಹಾಳಿ ತಿರುವಿ ತಿರುವಿ
"ತಿಂಗಳಿಗೆ ಎರಡೇ ದಿನ ಬದುಕತೀರೇನ್ರಿ ನೀವು?" ಅಂದ್ರು.

ಚಿಲ್ಲರ ಇಲ್ಲದಾಗ ಟಿಕೀಟಿನ ಬೆನ್ನಿಗೆ ಬರದ ಕೊಡತೀನಿ:
ಇಳಿಯೂಮುಂದ ಕೇಳ್ರಿ.
ಬಾಗಿಲಾಗ ನೂಕಾಟ, ಅರ್ಧಾ ಮಂದಿ ಮರೀತಾರ.
ನನಗ ನಾನೂ ಹಂಗೇ ಬರದ ಕೊಟ್ಟೀನಿ,
ಸಂಕ್ರಾಂತಿ ಮುಗೀಲಿ, ಮಗಳ ಕುಬಸ ಆಗಲಿ,
ಸೋಮವಾರದಿಂದ ನಡಿಗಿ.
ಕೇಳಾಂವ ನಾನೇ. ಮರಿಯಾಂವನೂ ನಾನೇ.

ಮೊನ್ನೆ ಲೆಕ್ಕದಾಗ ಒಂದು ರೂಪಾಯಿ ಕಮ್ಮಿ ಬಂತು.
ಚೀಲ ಝಾಡಿಸಿದೆ, ಕಿಸೆ ಝಾಡಿಸಿದೆ,
ಸೀಟಿನ ಬುಡಕ ಬ್ಯಾಟರಿ ಹಿಡದೆ.
ಮನಿಗೆ ಬಂದು ಬೂಟ ಬಿಚ್ಚಿದರ
ಅಂಗಾಲಿಗೆ ಅಂಟಿತ್ತು, ಚರ್ಮದ ಮ್ಯಾಲೆ ಛಾಪು ಒತ್ತಿ.
ವಾಗ್ದರಿಗೆ ಹೋಗಿ ಬರೂತನಕ, ನಾಕು ಫೇರಿ,
ಅದರ ಮ್ಯಾಲೇ ನಿಂತಿದ್ದೆ.
ಕಳಕೊಂಡಿದ್ದು ಗೊತ್ತಾಗಿತ್ತು.
ಚುಚ್ಚಿದ್ದು ಗೊತ್ತಾಗಿರಲಿಲ್ಲ.

ಅಂಜಿ ತಿದ್ದಿಕೊಂಡೆ ಅಂತ ನೀವು ತಿಳದೀರಿ.
ಇಲ್ಲ. ಮರುದಿನಾನೂ ಕಿಟಲಿ ತಯಾರಿತ್ತು, ಕುಡದೆ.

ಆಮ್ಯಾಲೆ ಸಕ್ಕರಿ ತುಟ್ಟಿ ಆತು.
ನಾಗಿಂದ್ರಾಬಾಯಿ ಸಪ್ಪನ್ನ ಚಹಾನೇ ಕುದಿಸಲಿಕ್ಕೆ ಸುರು ಮಾಡಿದಳು,
ಸಕ್ಕರಿ ಡಬ್ಬಿ ಗಲ್ಲೆದ ಆಚಿ ಕಡೆ,
ಮುಚ್ಚಳಕ್ಕ ಹುರಿ ಗಂಟು: ಬೇಕಾದವರು ಬಿಚ್ಚಿ ಹಾಕ್ಕೊಳ್ರಿ.
ಗಂಟು ಬಿಚ್ಚಲಿಕ್ಕೆ ಒಂದು ನಿಮಿಷ.
ದಸ್ತಗೀರ ಹಾರನ್ ಹೊಡೀತಾನ.
ಸಪ್ಪನ್ನದೇ ಕುಡದು ಓಡತೀನಿ.

ಮೂರು ತಿಂಗಳಿಗೆ ರಿಪೋರ್ಟ್ ಇಳೀತು.
ಡಾಕ್ಟರ್ ಬಾಯಿ ನಕ್ಕರು. ಮನ್ಯಾಕಿ ದೇವರಿಗೆ ಕಾಯಿ ಒಡಸಿದಳು.
ದಸ್ತಗೀರ ಅಂದ: "ಭಾರಿ ಮನಸು ಗಟ್ಟಿ ಮಾಡಿದ್ಯಪ್ಪಾ, ರೇವಣಸಿದ್ದ."
ಹೂಂ ಅಂದೆ.
ಹುರಿಯ ಸುದ್ದಿ ತೆಗೀಲಿಲ್ಲ.

ನಿನ್ನೆ ಹಿಂದಿನ ಸೀಟಿನ್ಯಾಗ ಯಾರೋ ಮಾತಾಡತಿದ್ದರು,
ಬರೂ ತಿಂಗಳ ಸಕ್ಕರಿ ಇಳೀತದಂತ.
ಗಂಟಿ ಹಗ್ಗ
ಎರಡು ಸಲ ಜಗ್ಗಿದೆ.