ಮೊದಲ ಕಾಲಂ

ಶಿವಮೊಗ್ಗದ ಡಯಟ್ ಹಾಲಿನಲ್ಲಿ ಎರಡು ಮೇಜು ಸೇರಿಸಿ
ಉದ್ದಕ್ಕೆ ಅಂಟಿಸಿದ ನಾಲ್ಕು ಡ್ರಾಯಿಂಗ್ ಶೀಟು.
ಅಂಗನವಾಡಿ, ಪ್ರಾಥಮಿಕ, ಪ್ರೌಢ, ಪಿಯು, ಪದವಿ:
ಐದು ಕಾಲಂ. ಇವತ್ತಿನ ವಿಷಯ, ತೂಕ.
ಬರೆದುಕೊಳ್ಳುವವಳು ನಾನು,
ಅಕ್ಷರ ದುಂಡಗಿದೆ ಎಂಬ ಒಂದೇ ತಪ್ಪಿಗೆ.

ಶಂಕರಘಟ್ಟದಿಂದ ಬಂದ ಪ್ರೊಫೆಸರ್ ಧರಣೇಂದ್ರಯ್ಯ
ಬಲತುದಿಯಿಂದ ಶುರುಮಾಡಿದರು:
ತೂಕ ಬೇರೆ, ದ್ರವ್ಯರಾಶಿ ಬೇರೆ,
ಇಷ್ಟೂ ತಿಳಿಯದೆ ಡಿಗ್ರಿಗೆ ಬರ್ತಾರಲ್ರೀ,
ಪಿಯುನಲ್ಲಿ ಏನು ಮಾಡ್ತೀರಿ?

ಪಿಯು ಪ್ರೌಢದ ಮುಖ ನೋಡಿತು.
ಪ್ರೌಢ, ಅಂದರೆ ನಾನೇ, ಪೆನ್ನಿನ ಕ್ಯಾಪು ಕಚ್ಚುತ್ತ
ಪ್ರಾಥಮಿಕದ ಕಡೆ ತಿರುಗಿದೆ.
ಸೊರಬದ ಗುತ್ಯಪ್ಪ ಮೇಷ್ಟ್ರು ಕಿಟಕಿಯಾಚೆ ನೋಡಿದರು.
ಅಲ್ಲೊಂದು ಕಾಗೆ
ನೀರಿನ ಟ್ಯಾಂಕಿನ ಮುಚ್ಚಳ ಕುಕ್ಕುತ್ತಿತ್ತು.
ದೂರಲು ಅದಕ್ಕೆ ಕೆಳಗೆ ಯಾರೂ ಇರಲಿಲ್ಲ.

ಚಹಾ ಬಂತು, ಆರಿದ ವಡೆ ಬಂತು.
ಕಾಲಂಗಳು ತುಂಬತೊಡಗಿದವು:
ಗುರುತ್ವ, ಸೂತ್ರ, ಸ್ಪ್ರಿಂಗ್ ತ್ರಾಸು, ಗ್ರಾಂನಿಂದ ಕಿಲೋ.
ಗುತ್ಯಪ್ಪನವರು ಅಂದರು,
ನಾಲ್ಕನೇ ಕ್ಲಾಸಿಗೆ ಸಕ್ರೆಬೈಲಿನ ಆನೆ ಹಾಕಿ ಮೇಡಂ,
ನಾಲ್ಕು ಟನ್ನು ಅಂದ್ರೆ ಬಾಯಿ ಬಿಡ್ತಾವೆ,
ಆಮೇಲೆ ಒಂದು ಕೇಳೇ ಕೇಳುತ್ತೆ:
ಎತ್ತಿ ತೂಗಿದೋರು ಯಾರು ಸಾ?
ಆನೆ, ಎಂದು ಬರೆದೆ.
ಆ ಪ್ರಶ್ನೆಗೆ ಹೊಂದುವ ಕಲಿಕಾ ಫಲ
ಮೇಲಿಂದ ಬಂದ ಪಟ್ಟಿಯಲ್ಲಿ ಸಿಗಲಿಲ್ಲ.

ಎಡತುದಿ ಉಳಿದಿತ್ತು. ಹೊತ್ತಾಗಿತ್ತು.
ಭಾರ, ಹಗುರ; ಆಟದ ಮೂಲಕ. ಬರೀರಿ, ಮುಗೀತು.
ಕೂಸು ಹುಟ್ಟೋ ಮುಂಚೆ ಕುಲಾವಿ, ಅಂದರು ಯಾರೋ.
ಎಲ್ಲರೂ ನಕ್ಕೆವು.
ಹಿಂದಿನ ಪ್ಲಾಸ್ಟಿಕ್ ಕುರ್ಚಿಯಿಂದ
ರಿಪ್ಪನ್‌ಪೇಟೆ ಕಡೆಯ ಜೈನಾಬಿ ಎದ್ದರು.
ಸೂಪರ್‌ವೈಸರ್ ರಜೆ ಅಂತ ಬದಲಿಗೆ ಬಂದಿದ್ದವರು,
ಬೆಳಗಿಂದ ಮಾತಾಡಿರಲಿಲ್ಲ.

ಚೀಲದಿಂದ ತೂಗುತಕ್ಕಡಿ ತೆಗೆದು
ಶೀಟಿನ ಮೇಲೇ ಇಟ್ಟರು,
ಮಕ್ಕಳನ್ನು ಕೂರಿಸುವ ಬಟ್ಟೆಜೋಳಿಗೆ ಸಮೇತ.
ರಿಪೇರಿಗೆ ತಂದೆ ಸಾರ್, ಹೆಂಗೂ ಪೇಟೆಗೆ ಬಂದಿದ್ನಲ್ಲ.
ಖಾಲಿ ಇದ್ದಾಗ್ಲೂ ಮುಳ್ಳು ಇನ್ನೂರು ಗ್ರಾಮಲ್ಲಿ ನಿಲ್ಲುತ್ತೆ.
ಪ್ರತಿ ಮಗೂಗೂ ಇನ್ನೂರು ಕಳೆದು ಬರೀತೀನಿ.
ಕಳೆದ್ರೆ ಕೆಲವು ಮಕ್ಕಳು ಹಳದಿಯಿಂದ ಕೆಂಪಿಗೆ ಇಳೀತಾರೆ,
ಕಳೀದೆ ಇದ್ರೆ
ಯಾರಿಗೂ ಗೊತ್ತೇ ಆಗಲ್ಲ.
ಯಶಿಕಾ ಅಂತ ಒಂದಿದೆ, ಮೂರು ವರ್ಷ.
ಇಳಿದ ಮೇಲೆ ಮುಳ್ಳು ನೋಡಿ ಕೇಳ್ತು,
ಟೀಚರ್, ಇನ್ನೂ ಚೂರು ಐತಲ್ಲ,
ಅದು ಯಾರದ್ದು?

ಧರಣೇಂದ್ರಯ್ಯ ಕನ್ನಡಕ ತೆಗೆದು
ಆ ಮುಳ್ಳನ್ನೇ ನೋಡುತ್ತ ನಿಂತರು.
ಶೂನ್ಯ ದೋಷ, ಎಂದರು ಮೆಲ್ಲಗೆ.
ನಮ್ಮ ಪ್ರಥಮ ಬಿಎಸ್ಸಿಯ ಮೊದಲ ಪ್ರಯೋಗ.
ಕೈಗೆ ಹತ್ತೋದಕ್ಕೇ ಒಂದು ಸೆಮಿಸ್ಟರ್ ಬೇಕು.
ಐದನೆಯ ಕಾಲಂನಿಂದ ಮೊದಲನೆಯದಕ್ಕೆ
ಬಾಣದ ಗೆರೆ ಎಳೆಯಲೇ ಎಂದು ಕೇಳಿದೆ.
ನಮೂನೆಯಲ್ಲಿ ಬಾಣಕ್ಕೆ ಅವಕಾಶವಿಲ್ಲ, ಅಂದರು ನೋಡಲ್ ಅಧಿಕಾರಿ.
ಟೈಪಾಗಿ ಹೋದದ್ದು ಇಷ್ಟೇ:
ಭಾರ, ಹಗುರ; ಆಟದ ಮೂಲಕ.

ಸಂಜೆ ಗಾಂಧಿಬಜಾರಿನ ಗಲ್ಲಿಗೆ ನಾನೂ ಹೋದೆ.
ತಕ್ಕಡಿಯವನು ಬೆನ್ನ ಹಿಂದಿನ ತಿರುಪನ್ನು
ಉಗುರಿನಷ್ಟು ತಿರುಗಿಸಿದ. ಮುಳ್ಳು ಸೊನ್ನೆಗೆ ಬಂತು.
ಮೂವತ್ತು ರೂಪಾಯಿ.
ಜೈನಾಬಿಗೆ ಯಾಕೋ ಖುಷಿಯಾದಂತೆ ಕಾಣಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಹೇಳಿದರು:
ಎರಡು ವರ್ಷ ಕಳೆದೂ ಕಳೆದೂ ಕೈ ಕೂತುಬಿಟ್ಟಿದೆ.
ಬರೋ ತಿಂಗಳೂ ಕಳೆದುಬಿಟ್ರೆ?
ಕಲಿಸೋದಕ್ಕೆ ಇಷ್ಟೆಲ್ಲ ಬರೆದ್ರಲ್ಲ ಮೇಡಂ,
ಮರೆಯೋದನ್ನ ಯಾವ ಕ್ಲಾಸಿಗೆ ಇಟ್ಟಿದ್ದೀರಿ?

ಉತ್ತರ ಹುಡುಕುವಷ್ಟರಲ್ಲಿ ಬಸ್ಸು ಬಂತು.
ನನ್ನ ಪೆನ್ನು ಇಸಿದುಕೊಂಡು
ಎಡ ಅಂಗೈ ಮೇಲೆ ಒಂದು ಸೊನ್ನೆ ಬರೆದುಕೊಂಡರು,
ನನ್ನ ಅಕ್ಷರಕ್ಕಿಂತ ದುಂಡಗೆ.