ಮೂರು ಒತ್ತು

ಏಳು ತಿಂಗಳಾಯ್ತು, ಬಿಲ್ಲು ಆಗಲಿಲ್ಲ.
ಎಂಟುನೂರು ಕಟ್ಟು ಫೈಲ್ ಟ್ಯಾಗು, ಕಟ್ಟಿಗೆ ಐವತ್ತು,
ಕೆಂಪು ನೂಲು, ಎರಡೂ ತುದಿಗೆ ತಗಡಿನ ಮೂಗು.
ಜೆಪ್ಪುವಿನ ಹಳೇ ಹಂಚಿನ ಗೋದಾಮಿನಲ್ಲಿ
ನಾವು ಹದಿನಾಲ್ಕು ಜನ. ಕಾಲು ಲೆಕ್ಕ ಹಾಕಿದರೆ
ಇಪ್ಪತ್ತೆಂಟು ಆಗುವುದಿಲ್ಲ,
ಕಣ್ಣು ಲೆಕ್ಕ ಹಾಕಿದರೂ.

ಡೆನ್ಜಿಲನಿಗೆ ಹತ್ತರ ಆಚೆ ಸಂಖ್ಯೆ ಇಲ್ಲ.
ಹತ್ತು ಎಣಿಸಿ ಒಂದು ಗೆರಟೆಗೆ ಹಾಕುತ್ತಾನೆ,
ಐದು ಗೆರಟೆ ತುಂಬಿದರೆ ಚಪ್ಪಾಳೆ.
ಇವತ್ತಿನವರೆಗೆ ಒಂದು ಕಟ್ಟು ತಪ್ಪಿದ್ದಿಲ್ಲ.
ಕ್ಯಾಲ್ಕುಲೇಟರ್ ಇರುವ ನಾನು ಎರಡು ಸಲ ತಪ್ಪಿದ್ದೇನೆ.

ಸೇಸಪ್ಪನಿಗೆ ಕಿವಿ ಕೇಳುವುದಿಲ್ಲ, ಪ್ರೆಸ್ಸು ಅವನದು.
ತಗಡು ಒಂದೇ ಏಟಿಗೆ ಕೂರುತ್ತದೆ,
ಅವನು ಮೂರು ಸಲ ಒತ್ತುತ್ತಾನೆ.
ಯಾಕೆ ಅಂತ ಒಮ್ಮೆ ಕೇಳಿದ್ದಕ್ಕೆ
ಸ್ಲೇಟಿನಲ್ಲಿ ಬರೆದು ತೋರಿಸಿದ: ಅಕ.
ಆಮೇಲೆ ಕೆಳಗೆ ಒತ್ತು ಕೊಟ್ಟ: ಅಕ್ಕ.
ಮತ್ತೆ ನಾನು ಕೇಳಲಿಲ್ಲ.

ಈ ವರ್ಷ ಟೆಂಡರಿನಲ್ಲಿ ನಾವು ಬಿದ್ದೆವು.
ಯಾರೋ ದೂರದವರು ಕಟ್ಟಿಗೆ ಮೂರೂವರೆ ರೂಪಾಯಿ
ಕಮ್ಮಿ ಹಾಕಿದ್ದರು, ನೈಲಾನು.
ನಮ್ಮಂಥವರಿಂದಲೂ ಕೊಳ್ಳಬೇಕು ಅಂತ ಸುತ್ತೋಲೆ ಉಂಟಂತೆ,
ಕೇಳಿದರೆ ಅದು ಇನ್ನೂ ಸುತ್ತುತ್ತಾ ಉಂಟು.

ಪಾಪ, ಅಂದರು ಮೇಡಂ. ಒಳ್ಳೆಯವರೇ.
ಡಿಸೆಂಬರ್ ಮೂರಕ್ಕೆ ಕರೆದು ಶಾಲು ಹೊದೆಸಿದ್ದರು,
ಆ ಶಾಲಿನ ಸೆಖೆ ಇನ್ನೂ ಬಿಟ್ಟಿಲ್ಲ.
ಪಾಪಕ್ಕೆ ಜಿಎಸ್‌ಟಿ ಇಲ್ಲ ಮೇಡಂ,
ತಿಂಗಳ ಕೊನೆಗೆ ಪಾಪವನ್ನು ಹದಿನಾಲ್ಕು ಪಾಲು ಮಾಡಿ
ಕವರಿಗೆ ಹಾಕಿ ಕೊಡಲಿಕ್ಕೆ ಬರುವುದಿಲ್ಲ.
ಇದನ್ನು ನಾನು ಹೇಳಲಿಲ್ಲ. ಶಾಲು ಮಡಚಿ
ಟ್ಯಾಗಿನ ಪೆಟ್ಟಿಗೆಯ ಅಡಿಗೆ ಹಾಸಿದ್ದೇನೆ, ಅಷ್ಟೇ.

ನಿನ್ನೆ ಮೈಮೂನಾ ನಾನೂ ಬರುತ್ತೇನೆ ಅಂದಳು.
ನನ್ನ ಅಡ್ಡಚಕ್ರದ ಸ್ಕೂಟರಿನ ಹಿಂದೆ ಕೂತು
ಸ್ಟೇಟ್‌ಬ್ಯಾಂಕಿನ ಹತ್ತಿರ ಮೀನಿನ ವಾಸನೆ ಬಂದಾಗ
ಬ್ರೇಕ್ ಹಾಕು, ಬಂತು, ಅಂದಳು.

ಕಡತ ಸಿಗುತ್ತಿಲ್ಲ ಮಾರಾಯ್ರೆ, ಅಂದ ಕೇಸ್ ವರ್ಕರ್,
ನೀವೇ ನೋಡಿ ಬೇಕಾದರೆ.
ಗೋಡೆಯಿಂದ ಗೋಡೆಗೆ ಕಡತ. ನೋಡಿದೆ.
ನೋಡುವುದರಿಂದ ಏನೂ ಆಗಲಿಲ್ಲ.
ಮೈಮೂನಾ ಕೋಲು ಮಡಚಿ ಕಂಕುಳಲ್ಲಿಟ್ಟು
ಒಂದೊಂದರ ಅಂಚಿಗೂ ಬೆರಳು ಓಡಿಸಿದಳು.
ನಮ್ಮದಲ್ಲ. ನಮ್ಮದಲ್ಲ.
ಇದು ಜಾರುತ್ತದೆ. ನಮ್ಮದಲ್ಲ.
ಮೂರನೇ ಸಾಲು, ಕೆಳಗೆ, ಧೂಳಿನಲ್ಲಿ ಕೈ ನಿಂತಿತು.
ನಮ್ಮ ಮಾಲು ಮುಗಿಯುವ ಮೊದಲು ಕಟ್ಟಿದ ಕಡತ.
ತುದಿಯ ತಗಡನ್ನು ಉಗುರಿನಲ್ಲಿ ಓದಿ ನಕ್ಕಳು:
ಇದು ಸೇಸಪ್ಪ.

ಎಳೆದದ್ದೇ ಪಕ್ಕದ ನೈಲಾನು ಬಿಚ್ಚಿಕೊಂಡು
ಯಾರದೋ ಪಹಣಿ, ಯಾರದೋ ಮರಣಪತ್ರ
ಫ್ಯಾನಿನ ಗಾಳಿಗೆ ನೆಲವೆಲ್ಲಾ.

ಮೊಣಕಾಲೂರಿ ಹೆಕ್ಕುತ್ತಾ, ತಲೆ ಎತ್ತದೆ
ಕೇಳಿದ: ನಿಮ್ಮದು ಒಂದು ಕಟ್ಟು ಉಂಟಾ ಈಗ?
ಅವಳ ಚೀಲದಲ್ಲಿ ಸ್ಯಾಂಪಲ್ ಯಾವಾಗಲೂ ಇರುತ್ತದೆ.
ಕೊಟ್ಟಳು. ಚಲನಿಗೆ ಒಂದು ಸೈನು ಹಾಕಿ, ಅಂದಳು.
ಹಾಕಿದ. ಪಾಪ ಅನ್ನಲಿಲ್ಲ.

ಬಿಲ್ಲು? ಸಾಹೇಬರು ಮೀಟಿಂಗಿನಲ್ಲಿ.
ಮುಂದಿನ ವಾರ ಬನ್ನಿ.

ಗೋದಾಮಿನ ಬಾಗಿಲಲ್ಲೇ ಸೇಸಪ್ಪ
ಅಂಗೈ ಮೇಲೆ ಮುಷ್ಟಿ ಗುದ್ದಿ ಹುಬ್ಬೆತ್ತಿದ.
ನಮ್ಮಲ್ಲಿ ಅದು ಸೀಲು, ಅದೇ ಸರ್ಕಾರ.
ನಾನು ಕೈ ಅಲ್ಲಾಡಿಸಿದೆ, ಹೀಗೂ ಅಲ್ಲ ಹಾಗೂ ಅಲ್ಲ.
ಅವನು ಹೋಗಿ ಪ್ರೆಸ್ಸಿಗೆ ನಿಂತ.
ಸಿಮೆಂಟು ನೆಲದಿಂದ ಕ್ಯಾಲಿಪರಿನ ಕಬ್ಬಿಣಕ್ಕೆ
ಹತ್ತಿ ಬರುತ್ತದೆ ಅವನ ಮಾತು, ಮೂರು ಮೂರು.

ಮೈಮೂನಾ ಚಲನನ್ನು ಡೆನ್ಜಿಲನ ಕೈಗಿಟ್ಟಳು.
ಅವನು ಅದನ್ನು ನಾಲ್ಕಾಗಿ ಮಡಚಿ
ಖಾಲಿ ಗೆರಟೆಯೊಂದಕ್ಕೆ ಹಾಕಿ
ಐದು ಗೆರಟೆಯ ಪಕ್ಕದಲ್ಲಿಟ್ಟು,
ಚಪ್ಪಾಳೆ ತಟ್ಟುವುದೋ ಬೇಡವೋ ಅಂತ
ನನ್ನ ಮುಖ ನೋಡಿದ.