ಎಡ ಹಿಂಬದಿ, ಮುನ್ನೂರ ನಲವತ್ತು

ಪುಣೆ, ಸಹಕಾರನಗರ, ಬೆಳಿಗ್ಗೆ ಹತ್ತೂಕಾಲು.
ದಾಮ್ಲೆಯವರ ಗಾಡಿ ಕಾಂಪೌಂಡಿನ ಗೋಡೆಗೆ
ಎಡ ಮಗ್ಗುಲು ಒತ್ತಿಕೊಂಡು ನಿಂತಿದೆ,
ನಡುವೆ ಒಂದು ಬೆಕ್ಕು ನುಸುಳುವಷ್ಟು ಜಾಗ.
ಹನ್ನೊಂದು ವರ್ಷದ ಸೆಡಾನು, ಪೆಟ್ರೋಲು, ಬೆಳ್ಳಿ ಬಣ್ಣ,
ಒಬ್ಬರೇ ಮಾಲೀಕರು, ಓಡಿದ್ದು ಐವತ್ತೆಂಟು ಸಾವಿರ.

"ಒಂದು ಗೀಚೂ ಇಲ್ಲ" ಅನ್ನುತ್ತಾರೆ,
ನಾನಿನ್ನೂ ಹೆಲ್ಮೆಟ್ಟು ತೆಗೆದಿಲ್ಲ.
ಕೈಯಲ್ಲಿ ಫೈಲು, ತಾರೀಖಿನ ಸಾಲಿನಲ್ಲಿ ರಸೀದಿಗಳು,
ಚಕ್ರಕ್ಕೆ ಗಾಳಿ ತುಂಬಿಸಿದ ಚೀಟಿ ಕೂಡ.

ಇಂಡಿ ಸಂತೆಯಲ್ಲಿ ನನ್ನ ಸೋದರಮಾವ
ಎತ್ತಿನ ತುಟಿ ಸರಿಸಿ ಹಲ್ಲೆಣಿಸುತ್ತಿದ್ದ,
ಮಾರುವವನ ಮಾತು ಮುಗಿಯುವ ಮೊದಲೇ.
ಗಾಡಿಗೂ ಹಲ್ಲಿವೆ:
ಬ್ರೇಕಿನ ಪೆಡಲಿನ ರಬ್ಬರು,
ಸ್ಟೀರಿಂಗಿನ ಮೇಲೆ ಬಲಗೈ ಕೂರುವ ಜಾಗ,
ಇಳಿಯುವಾಗ ಪ್ರತಿಸಲ ತೊಡೆ ಸವರುವ ಸೀಟಿನಂಚು.
ಎಣಿಸಿದೆ. ಐವತ್ತೆಂಟು ಸಾವಿರ, ನಿಜ.
ಈ ಮನುಷ್ಯ ಸುಳ್ಳು ಹೇಳುವವರಲ್ಲ.

ಎಂಜಿನಿನ ಎಣ್ಣೆ ಜೇನಿನ ಬಣ್ಣ.
ಡಿಕ್ಕಿಯಲ್ಲಿ ಮಡಿಸಿದ ಜಮಖಾನೆ, ನೀರಿನ ಕ್ಯಾನು,
ನೆಲವನ್ನೇ ಮುಟ್ಟದ ಐದನೇ ಚಕ್ರ,
ಹೊಸ ರಬ್ಬರಿನ ಕೂದಲು ಇನ್ನೂ ಉದುರಿಲ್ಲ.
ಆಮೇಲೆ ಬಣ್ಣದ ದಪ್ಪ ಅಳೆಯುವ ಮೀಟರು, ಅಂಗೈಯಗಲ.
ಛಾವಣಿ ನೂರಾ ಹನ್ನೆರಡು.
ಬಲ ಬಾಗಿಲುಗಳು ನೂರಾ ಎಂಟು, ನೂರಾ ಹದಿನೈದು.
"ಸ್ವಲ್ಪ ಮುಂದೆ ತೆಗೀತೀರಾ? ಎಡಗಡೆ ನೋಡಬೇಕು."

ಕೀಲಿ ತಿರುಗಿಸುವ ಮೊದಲು ಕನ್ನಡಕ ಒರೆಸಿದರು.
ಒರೆಸಿದ್ದನ್ನೇ ಮತ್ತೆ ಒರೆಸಿದರು.
ಗಾಡಿ ಸರಿದ ಮೇಲೆ ನೆಲದಲ್ಲಿ ನಾಲ್ಕು ಗುಳಿ,
ವರ್ಷಗಟ್ಟಲೆ ಒಂದೇ ಕಡೆ ನಿಂತ ಟೈರುಗಳದ್ದು.

ಎಡ ಹಿಂಬದಿ, ಚಕ್ರದ ಕಮಾನಿನ ಮೇಲೆ: ಮುನ್ನೂರ ನಲವತ್ತು.
ಇನ್ನೊಮ್ಮೆ. ಮುನ್ನೂರ ನಲವತ್ತೆರಡು.
ಬಣ್ಣದ ಕೆಳಗೆ ಪುಟ್ಟಿ, ಪುಟ್ಟಿಯ ಕೆಳಗೆ ಸುತ್ತಿಗೆ.
ಡಿಕ್ಕಿಯ ರಬ್ಬರು ಎಳೆದರೆ
ಕೈಯಿಂದ ಹಾಕಿದ ವೆಲ್ಡಿಂಗಿನ ಗಂಟು,
ಅವಸರದಲ್ಲಿ ಹೊಲಿದ ಗಾಯದ ಹಾಗೆ.
ಫೈಲಿನಲ್ಲಿ ಇದಕ್ಕೆ ರಸೀದಿ ಇಲ್ಲ.

ಮೆಟ್ಟಿಲ ಮೇಲೆ ಮಗಳು ಮೃಣ್ಮಯಿ, ಚಹಾದ ತಟ್ಟೆ.
ನನ್ನ ಬೆರಳು ನಿಂತದ್ದೆಲ್ಲಿ ಎಂದು ನೋಡಿದಳು,
ಕಪ್ಪುಗಳು ಒಂದಕ್ಕೊಂದು ತಾಗಿದವು.
ತಂದೆಯ ಬೆನ್ನ ಹಿಂದಿನಿಂದ
ತಲೆಯಾಡಿಸಿದಳು, ಅಷ್ಟೇ ಅಷ್ಟು:
ಬೇಡ.

"ಹೇಗಿದೆ?" ಕೇಳಿದರು ದಾಮ್ಲೆ,
ಗೋಡೆ ನೋಡುತ್ತ.

ನನ್ನ ಫಾರ್ಮಿನಲ್ಲಿ ನೂರಾ ನಲವತ್ತು ಚೌಕಗಳು.
ಮರುಬಣ್ಣ: ಹೌದು. ಚಾಸಿಗೆ ಪೆಟ್ಟು: ಹೌದು.
ಯಾವ ರಾತ್ರಿ, ಯಾರ ಕೈಯಲ್ಲಿ ಸ್ಟೀರಿಂಗು,
ಯಾರು ಯಾರಿಗೆ ಹೇಳಲಿಲ್ಲ,
ಯಾರು ಗೊತ್ತಿದ್ದೂ ಕೇಳಲಿಲ್ಲ,
ಅದಕ್ಕೆ ಚೌಕ ಮಾಡಿಲ್ಲ.

ಸಾತಾರಾ ರಸ್ತೆಯವರೆಗೆ ಓಡಿಸಿ ನೋಡಿದೆ.
ಪಕ್ಕದ ಸೀಟಿನಲ್ಲಿ ಅವರು,
ಹಂಪು ಬಂದಾಗಲೆಲ್ಲ ಕೂತಲ್ಲೇ ಒಂದಿಷ್ಟು ಮೇಲೇಳುತ್ತಾರೆ,
ತಗ್ಗು ಹೊಟ್ಟೆಯ ಗಾಡಿಗೆ ತಮ್ಮ ಭಾರ ತಾಗದಿರಲಿ ಎಂದು.
ಗೇರು ಬೆಣ್ಣೆ. ಎ.ಸಿ. ತಣ್ಣಗೆ.
ಎಡಕ್ಕೆ ಎಳೆಯುತ್ತದೆ, ಕೂದಲೆಳೆಯಷ್ಟು.
ಅಭ್ಯಾಸವಾದವರ ಕೈ ಅದನ್ನು ತಾನೇ ತಿದ್ದಿಕೊಂಡಿರುತ್ತದೆ.

ಮೂರು ಎಪ್ಪತ್ತರ ಆಸೆಯಲ್ಲಿದ್ದರು. ಮೂರು ಹತ್ತು ಅಂದೆ.
"ಈಗ ಎಲ್ಲರಿಗೂ ಎತ್ತರದ ಗಾಡಿ ಬೇಕು ಕಾಕಾ,
ಸೆಡಾನನ್ನ ಯಾರೂ ಕೇಳೋದಿಲ್ಲ."
ಅದೂ ನಿಜ. ಇಪ್ಪತ್ತು ಸಾವಿರದಷ್ಟು ನಿಜ.
ಮಿಕ್ಕ ನಲವತ್ತನ್ನು ಮೃಣ್ಮಯಿ
ಖಾಲಿ ಕಪ್ಪು ಎತ್ತುತ್ತ ಎಣಿಸಿಕೊಂಡಳು.

ಗಾಳಿಗೂ ಚೀಟಿ ಇಟ್ಟ ಮನುಷ್ಯ
ಚೌಕಾಸಿ ಮಾಡಲಿಲ್ಲ.
"ಸರಿ, ಬರ್ಕೊಳ್ಳಿ" ಅಂದವರೇ
ಗಾಡಿಯನ್ನು ಹಿಂದಕ್ಕೆ ತಂದು
ಕನ್ನಡಿ ಮಡಚಿ, ಎಡ ಮಗ್ಗುಲು ಗೋಡೆಗೆ ಹಚ್ಚಿ
ನಾಲ್ಕು ಗುಳಿಗಳಲ್ಲಿ ನಾಲ್ಕು ಟೈರು ಕೂರಿಸಿದರು.
ಇನ್ನು ಮೂರೇ ದಿನಕ್ಕೆ.

ನನ್ನ ಸ್ಕೂಟರು ಮೂರನೇ ಕಿಕ್ಕಿಗೆ ಹತ್ತಿತು.
ಅದರ ಹಲ್ಲು ಯಾರೂ ನೋಡಿಲ್ಲ.